ದೋಣಿಗೆ ನಾಲ್ಕು ಜನ

ಮೂರು ವೋಟೂ ತನ್ನವೇ ಎಂದು ಹೊಳೆದ ಮೇಲೆ ಅವಳಿಗೆ ಬೆಳಗಿನ ತಿಂಡಿ ಬೇಡವಾಯಿತು. ತಟ್ಟೆಯನ್ನು ಕಿಟಕಿಯ ಕಟ್ಟೆಗೆ ಸರಿಸಿ, ಮೇಜಿನ ಮೇಲಿದ್ದ ತನ್ನ ಮೂವರನ್ನು ಒಬ್ಬೊಬ್ಬರಾಗಿ ನೋಡಿದಳು. ಮೂಲೆ ಒಡೆದ ಫೋನಿನಲ್ಲಿ ಹಳೇತಾತ, ತಮ್ಮ ಬಳಸಿ ಬಿಟ್ಟ ಟ್ಯಾಬಿನಲ್ಲಿ ಪಟಾಕಿ, ಲ್ಯಾಪ್‌ಟಾಪಿನಲ್ಲಿ ಗುಮ್ಮ. ಮೂರು ಪರದೆಗಳಲ್ಲೂ ಅದೇ ನದಿ, ಅದೇ ದೋಣಿ, ದೋಣಿಯಲ್ಲಿ ಅವೇ ನಾಲ್ಕು ತಲೆಗಳು. ನಾಲ್ಕನೆಯ ತಲೆ ಕತ್ತರಿಯದು. ಆ ದೋಣಿಯಲ್ಲಿ ನಿಜವಾದ ಗಿರಾಕಿ ಅಂದರೆ ಅವನೊಬ್ಬನೇ. ಉಳಿದ ಮೂವರೂ ಅವಳೇ. ಅದೇ ಅವಳ ಕೆಲಸ. ತಮ್ಮ ಕಟ್ಟಿದ ಈ ಆನ್‌ಲೈನ್ ಆಟದಲ್ಲಿ ನಾಲ್ಕು ಜನ ಕೂರದ ಹೊರತು ದೋಣಿ ದಡ ಬಿಡುವುದಿಲ್ಲ. ಹೊಸಬರು ಯಾರಾದರೂ ಬಂದು, ಖಾಲಿ ದೋಣಿ ನೋಡಿ, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಬಾರದಲ್ಲ, ಅದಕ್ಕೆ ಅವಳು ಹಗಲೆಲ್ಲ ಮೂರು ಜನರಾಗಿ ಕೂತಿರುತ್ತಾಳೆ. ಹೊಸಬರು ಬರುವುದು ನಿಂತು ಬಹಳ ಕಾಲವಾಯಿತು. ಕತ್ತರಿ ಮಾತ್ರ ತಪ್ಪದೆ ಬರುತ್ತಾನೆ. ಎಲ್ಲೋ ಒಂದು ಕಡೆ ಅವನದೊಂದು ಕಟಿಂಗ್ ಅಂಗಡಿಯಿದೆ. ಕುರ್ಚಿ ಖಾಲಿಯಿದ್ದಾಗ ಬಂದು ಹುಟ್ಟು ಹಾಕುತ್ತಾನೆ, ಸುಳಿಯ ನಡುವೆ ‘ಗಿರಾಕಿ ಬಂದ್ರು’ ಎಂದು ಬರೆದು ಕೈಬಿಡುತ್ತಾನೆ, ದೋಣಿ ಹೋಗಿ ಬಂಡೆಗೆ ಬಡಿಯುತ್ತದೆ, ಪಟಾಕಿ ಅವನಿಗೆ ಬಾಯಿಗೆ ಬಂದ ಹಾಗೆ ಬೈಯುತ್ತಾಳೆ. ಹೀಗೆ ನಡೆದುಕೊಂಡು ಬಂದಿತ್ತು.

ಇವತ್ತು ಅವನು ಹುಟ್ಟು ಮುಟ್ಟಲಿಲ್ಲ. ‘ಒಂದು ಮನೆ ವಿಷಯ, ಕೇಳಲಾ?’ ಎಂದು ಬರೆದ. ತಾತ ‘ಕೇಳು ಮಗಾ’ ಎಂದ. ಪಟಾಕಿ ‘ಬೇಗ ಹೇಳ್ರೀ, ಬಿಸಿಲು ಏರ್ತಿದೆ’ ಎಂದಳು. ಗುಮ್ಮ ‘ಹೂಂ’ ಎಂದ, ಗುಮ್ಮ ಅಷ್ಟೇ ಅನ್ನುವುದು. ಆಮೇಲೆ ಕತ್ತರಿ ಬರೆದದ್ದು ಉದ್ದವಾಗಿತ್ತು. ‘ನಮ್ಮಕ್ಕ ಬರ್ತೀನಿ ಅಂತಿದಾಳೆ. ನೆಂಟಳಾಗಿ ಅಲ್ಲ, ಇರೋಕೆ, ಪೂರ್ತಿಯಾಗಿ. ಹೆಂಡ್ತಿ ನಿಮ್ಮಿಷ್ಟ ಅಂದ್ಲು. ನಿಮ್ಮಿಷ್ಟ ಅಂದ್ರೆ ಏನರ್ಥ ಅಂತ ಮದುವೆ ಆದೋರಿಗೆ ಗೊತ್ತು. ನೆಂಟರನ್ನ ಕೇಳಿದ್ರೆ ಅವರವರಿಗೆ ಬೇಕಾದ್ದು ಹೇಳ್ತಾರೆ. ನಿಮಗೆ ನನ್ನಿಂದ ಆಗಬೇಕಾದ್ದು ಏನೂ ಇಲ್ಲ. ಮೂರು ಜನ ಇದೀರ, ಮೂರು ಥರದೋರು. ಇಬ್ಬರು ಯಾವ ಕಡೆ ಅಂತೀರೋ ಹಾಗೇ ಮಾಡ್ತೀನಿ. ಸಾಯಂಕಾಲ ಅಂಗಡಿ ಖಾಲಿ ಆದಾಗ ಬರ್ತೀನಿ, ಆಮೇಲೆ ಅವಳಿಗೆ ಫೋನ್ ಮಾಡ್ಬೇಕು.’ ಇಷ್ಟು ಬರೆದು ಹೊರಟುಹೋದ. ಅವಳು ಟ್ಯಾಬಿನ ಮೇಲೆ ಬೆರಳಿಟ್ಟವಳು ಹಾಗೇ ಕೂತಳು. ಮೂರು ಥರದೋರು ಎಂಬ ಮಾತು ಓದಿ ಮೊದಲು ಒಂಚೂರು ಹೆಮ್ಮೆಯಾಯಿತು, ಆಮೇಲೆ ಇನ್ನೊಂದು ಸಲ ಓದಿದಳು. ಇಬ್ಬರು ಯಾವ ಕಡೆಗೆ ಎಂದರೆ, ಅವಳು ಯಾವ ಕಡೆಗೆ ಎಂದೇ ಅರ್ಥ.

ಅವಳೂ ಪೂರ್ತಿಯಾಗಿ ಬಂದವಳೇ. ಔಷಧದಂಗಡಿಯ ಕೌಂಟರಿನ ಕೆಲಸ ಹೋಗಿ, ಬಾಡಿಗೆ ಮನೆ ಬಿಟ್ಟು, ಎರಡು ಸೂಟ್‌ಕೇಸ್ ಹಿಡಿದು ಈ ಮನೆಯ ಮೆಟ್ಟಿಲು ಹತ್ತಿದಾಗ ತಮ್ಮ ಓಡಿ ಬಂದು ಎರಡನ್ನೂ ಇಸಿದುಕೊಂಡಿದ್ದ. ‘ಇಷ್ಟೇನಾ ಅಕ್ಕಾ?’ ಎಂದಿದ್ದ. ಕೇಳಿದ್ದು ಅಕ್ಕರೆಯಿಂದಲೇ. ಆದರೂ ಇಷ್ಟು ವಯಸ್ಸಿಗೆ ಇಷ್ಟೇನಾ ಎಂದು ಅವಳ ಕಿವಿಗೆ ಕೇಳಿಸಿತು, ಈಗಲೂ ಒಮ್ಮೊಮ್ಮೆ ಕೇಳಿಸುತ್ತದೆ. ಅವಳಿಗೆ ಕೊಟ್ಟ ಕೋಣೆ ಮೊದಲು ಇಸ್ತ್ರಿ ಕೋಣೆಯಾಗಿತ್ತು. ಇಸ್ತ್ರಿಯ ಮಣೆ ಈಗಲೂ ಗೋಡೆಗೆ ಒರಗಿ ನಿಂತಿದೆ, ತಮ್ಮನ ಹೆಂಡತಿ ಬಟ್ಟೆಯ ರಾಶಿ ಹೊತ್ತು ಬಂದವಳು ತನ್ನದೇ ಮನೆಯ ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿ, ‘ಅತ್ತಿಗೆ, ಬರಬಹುದಾ?’ ಎಂದು ಕೇಳುತ್ತಾಳೆ. ಬೇಡ ಎಂದರೆ ಏನು ಮಾಡುತ್ತಾಳೋ ಎಂದು ಒಂದು ಸಲ ಹೇಳಿ ನೋಡುವ ಆಸೆ ಇವಳಿಗೆ. ಅಂಥ ಆಸೆಯೆಲ್ಲ ಪಟಾಕಿಯದು. ಇವಳು ಮಾತ್ರ ಎದ್ದು ನಿಂತು, ‘ಬಾಮ್ಮಾ, ಬಾ, ನಂದೇನೂ ಇಲ್ಲ’ ಎಂದು ಕುರ್ಚಿಯನ್ನು ಇನ್ನಷ್ಟು ಮೂಲೆಗೆ ಎಳೆದುಕೊಳ್ಳುತ್ತಾಳೆ. ಗಂಡ ಹೆಂಡತಿ ಅಡುಗೆಮನೆಯಲ್ಲಿ ದನಿ ಎತ್ತಿ ಕಿತ್ತಾಡುತ್ತಿರುವಾಗ ಇವಳು ನೀರಿಗೆಂದು ಹೋದರೆ ಇಬ್ಬರೂ ಗಪ್‌ಚಿಪ್. ‘ಟೀ ಮಾಡ್ಲಾ ಅತ್ತಿಗೆ?’ ಎಂದು ಅವಳು, ‘ಫ್ಯಾನ್ ಸರಿಯಾಗಿ ತಿರುಗ್ತಿದೆಯಾ ಅಕ್ಕಾ?’ ಎಂದು ಇವನು. ಲೋಟ ತುಂಬಿಸಿಕೊಂಡು ಕೋಣೆಗೆ ಬಂದು ಕೂತರೆ, ಅರ್ಧಕ್ಕೆ ನಿಂತ ಜಗಳ ಮತ್ತೆ ಶುರುವಾಗುವುದನ್ನು ಕಾದು ಕೇಳಿಸಿಕೊಳ್ಳುತ್ತಾಳೆ. ಶುರುವಾದರೆ ಸಮಾಧಾನ.

ಆಟ ಯಶಸ್ವಿಯಾಗಬೇಕಾದರೆ ಎಷ್ಟು ಜನ ಬೇಕು ಎಂಬುದಕ್ಕೆ ತಮ್ಮನ ಬಳಿ ಕಾಲಕ್ಕೊಂದು ಉತ್ತರವಿತ್ತು. ಮೊದಮೊದಲು ಲಕ್ಷದ ಕೆಳಗೆ ಮಾತೇ ಆಡುತ್ತಿರಲಿಲ್ಲ. ಆಮೇಲೆ, ಬಂದು ಹೆಸರು ಬರೆಸಿದವರ ಲೆಕ್ಕ ಲೆಕ್ಕವೇ ಅಲ್ಲ ಅಕ್ಕಾ, ಒಂದೇ ಹೊತ್ತಿಗೆ ಎಷ್ಟು ಜನ ಒಳಗಿರ್ತಾರೆ ಅನ್ನೋದು ಲೆಕ್ಕ, ಒಂದು ಸಾವಿರ ಇದ್ದರೆ ಸಾಕು, ಎಂದ. ಆ ಸಾವಿರ ಕರಗಿ ನೂರಾಯಿತು. ನೂರು ಕರಗುತ್ತಿದ್ದಾಗ ಅವನ ಸ್ನೇಹಿತನೊಬ್ಬ ಬಂದು ಸೋಫಾದಲ್ಲಿ ಕಾಲು ಚಾಚಿ, ‘ಕಂಪ್ಯೂಟರೇ ಆಡಿಸೋ ಯಂತ್ರದ ಗೊಂಬೆಗಳನ್ನ ಕೂರಿಸಿಬಿಡೋ, ಎಲ್ಲರೂ ಅದನ್ನೇ ಮಾಡೋದು, ಯಾರಿಗೆ ಗೊತ್ತಾಗುತ್ತೆ’ ಎಂದಾಗ ತಮ್ಮನಿಗೆ ಮೂಗಿನ ತುದಿಗೆ ಸಿಟ್ಟು ಬಂದಿತ್ತು. ಆಚೆ ಕಡೆ ಮನುಷ್ಯ ಇದಾನೆ ಅಂತ ನಂಬಿ ಬಂದವನಿಗೆ ಮೋಸ ಮಾಡಲಾರೆ, ಎಂದುಬಿಟ್ಟ. ಯಂತ್ರ ಕೂತರೆ ಮೋಸ, ಅಕ್ಕ ಮೂರು ಹೆಸರಲ್ಲಿ ಕೂತರೆ ಮೋಸವಲ್ಲ. ಇದು ಯಾವ ನ್ಯಾಯ ಎಂದು ಅವಳು ಕೇಳಲಿಲ್ಲ. ಬೇರೆ ಕಂಪನಿಯಲ್ಲಿ ದಿನವೆಲ್ಲ ದುಡಿದು ಬಂದು, ನಿದ್ದೆಗಣ್ಣಲ್ಲಿ ಆ ನದಿಗೆ ಅಲೆ ಬಿಡಿಸಿದ ಹುಡುಗ ಅವನು. ಅವನ ದೋಣಿ ದಡದಲ್ಲೇ ಕೊಳೆಯುವುದನ್ನು ಅವಳು ಹೇಗೆ ನೋಡುತ್ತಾಳೆ? ಚಿಕ್ಕಂದಿನಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಅವನು ಮಂಚದ ಮೇಲೆ ಬಿದ್ದಿದ್ದಾಗ ಪಕ್ಕದ ಮನೆಯ ಮಕ್ಕಳು ಸ್ವಲ್ಪ ದಿನ ಬಂದು ಆಮೇಲೆ ಇತ್ತ ತಲೆ ಹಾಕಲಿಲ್ಲ. ಆಗಲೂ ಇವಳೇ. ಹಾವು ಏಣಿಯ ಹಲಗೆ ಹಾಸಿ, ಕೆಂಪು ಕಾಯಿಗೆ ಒಂದು ದನಿ, ನೀಲಿಗೆ ಒಂದು, ಹಳದಿಗೆ ಒಂದು. ಕೆಂಪು ಸದಾ ಗೊಣಗುತ್ತಿತ್ತು, ನೀಲಿ ಮೋಸ ಮಾಡುತ್ತಿತ್ತು. ನೀಲಿ ಹಾವಿನ ಬಾಯಿಂದ ಮೆಲ್ಲಗೆ ಪಕ್ಕಕ್ಕೆ ಸರಿದದ್ದನ್ನು ಹಿಡಿದ ತಮ್ಮ ಆ ದಿನವೆಲ್ಲ ನೀಲಿಯ ಜೊತೆ ಟೂ ಬಿಟ್ಟಿದ್ದ. ಅಕ್ಕನ ಜೊತೆ ಮಾತ್ರ ಎಂದಿನಂತೆ ಮಾತಾಡುತ್ತಿದ್ದ.

ಬಾಗಿಲು ತಟ್ಟಿದ ಸದ್ದಾಯಿತು. ‘ಅತ್ತಿಗೆ, ಬರಬಹುದಾ?’ ತಮ್ಮನ ಹೆಂಡತಿ ಬಟ್ಟೆಗಳನ್ನು ಮಂಚದ ಮೇಲೆ ಇಳಿಸಿ, ಇಸ್ತ್ರಿಯ ಮಣೆ ಬಿಡಿಸುತ್ತ ಕಿಟಕಿಯ ಕಟ್ಟೆ ನೋಡಿದಳು. ‘ತಿಂಡಿ ಹಾಗೇ ಇದೆ. ಚೆನ್ನಾಗಿರಲಿಲ್ವಾ?’

‘ಚೆನ್ನಾಗಿತ್ತಮ್ಮ. ನನಗೇ ಯಾಕೋ ಹಸಿವಿಲ್ಲ.’

‘ಕೆಲಸ ಜಾಸ್ತೀನಾ?’

‘ಎಲ್ಲಿಯ ಕೆಲಸ. ಒಬ್ಬನ್ನ ಬಿಟ್ರೆ ಯಾರೂ ಬರಲ್ಲ. ಇದನ್ನ ಇನ್ನೂ ಯಾಕೆ ಎಳೀತಾನೋ, ಮುಚ್ಚಿಬಿಡು ಅಂತ ಅವನಿಗೆ ಹೇಳ್ಬೇಕು.’

‘ನಾನೂ ಅದನ್ನೇ ಹೇಳಿದ್ದು. ಮುಚ್ಚಿದ್ರೆ ಅಕ್ಕ ದಿನವಿಡೀ ಏನು ಮಾಡ್ತಾಳೆ ಅಂದ್ರು.’ ಹೇಳಿದ ಮೇಲೆ ಅವಳ ಕೈ ನಿಂತಿತು. ಇಸ್ತ್ರಿಪೆಟ್ಟಿಗೆ ಅಂಗಿಯ ಮೇಲೇ ಕೂತಿತ್ತು. ‘ಅಂದ್ರೆ, ಹಾಗಲ್ಲ ಅತ್ತಿಗೆ. ನೀವು ಇಷ್ಟಪಟ್ಟು ಮಾಡ್ತಿದೀರಲ್ಲ, ಅದಕ್ಕೆ.’

‘ಅಂಗಿ ಸುಡುತ್ತೆ ನೋಡು,’ ಎಂದಳು ಅವಳು. ತನ್ನ ದನಿ ಅಷ್ಟು ಸರಾಗವಾಗಿ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ಬಟ್ಟೆಯ ರಾಶಿ ಮುಗಿದು ಬಾಗಿಲು ಮುಚ್ಚಿದ ಮೇಲೆ ನಾಚಿಕೆ ಬಂತು. ಅಳು ಬಂದಿದ್ದರೆ ವಾಸಿಯಿತ್ತು. ತಮ್ಮನ ಕನಸನ್ನು ತಾನು ಹೆಗಲು ಕೊಟ್ಟು ನಿಲ್ಲಿಸಿದ್ದೇನೆ ಎಂದು ಅವಳು ನಂಬಿದ್ದಳು. ಬೆನ್ನು ನೋಯಿಸಿಕೊಂಡು ಮೂರು ಪರದೆಗಳ ಮುಂದೆ ಕೂರುವಾಗ ಈ ಮನೆಯ ಅನ್ನಕ್ಕೆ ತಾನೂ ಏನೋ ಕೊಡುತ್ತಿದ್ದೇನೆ ಎಂಬ ಧೈರ್ಯವಿತ್ತು. ಈಗ ನೋಡಿದರೆ ಆಟವೇ ಅವಳಿಗೋಸ್ಕರ. ಯಾರೂ ಬಾರದ ನದಿಯಲ್ಲಿ ನೀರು ಹರಿಯುತ್ತಿರುವುದು ಅಕ್ಕನಿಗೆ ಹೊತ್ತು ಹೋಗಲಿ ಎಂದು. ಈಗ ಕಾಲು ಮುರಿದುಕೊಂಡು ಮಂಚದ ಮೇಲೆ ಬಿದ್ದವಳು ಅವಳು, ಕೆಂಪು ನೀಲಿ ಕಾಯಿ ನಡೆಸಿ ಆಡಿಸುತ್ತಿರುವವನು ಅವನು. ಅವನ ಮೇಲೆ ಕೋಪ ಮಾಡಿಕೊಳ್ಳಲು ನೋಡಿದಳು, ಕೋಪ ಬರಲಿಲ್ಲ. ಇಷ್ಟು ಒಳ್ಳೆಯವನ ಮೇಲೆ ಕೋಪ ಮಾಡಿಕೊಳ್ಳುವುದಕ್ಕೂ ಹಕ್ಕು ಬೇಕು ಅನ್ನಿಸಿತು. ಟೂತ್‌ಪೇಸ್ಟ್ ಮುಗಿದಿದೆ ಎಂದು ಗೋಡೆಗಳಿಗೆ ಕೇಳುವ ಹಾಗೆ ಹೇಳಿ ಚಪ್ಪಲಿ ಮೆಟ್ಟಿ ಹೊರಬಿದ್ದಳು.

ಬೀದಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಅಂಗಡಿ ಸಾಲಿನ ಕೊನೆಗೆ ಒಂದು ಕಟಿಂಗ್ ಅಂಗಡಿ ಇರುವುದನ್ನು ಅವಳು ಎಷ್ಟೋ ಸಲ ಕಂಡಿದ್ದರೂ ಇವತ್ತು ಅದರ ಮುಂದೆ ಕಾಲು ತಾನಾಗಿ ನಿಂತಿತು. ಕನ್ನಡಿಗಳ ನಡುವೆ ಒಬ್ಬ ಬಗ್ಗಿ, ನೆಲದ ಮೇಲಿನ ಕೂದಲನ್ನು ಗುಡಿಸುತ್ತಿದ್ದ. ಕಪ್ಪು ಕೂದಲು, ಬಿಳಿ ಕೂದಲು, ಎಲ್ಲ ಒಂದೇ ಗುಡ್ಡೆ. ಅವನ ಜೇಬಿನಲ್ಲಿ ಫೋನಿತ್ತು. ಇವನೇ ಇರಬಹುದೇ? ಲೋಕದಲ್ಲಿ ಕಟಿಂಗ್ ಅಂಗಡಿಗಳಿಗೇನು ಬರ, ಇವನೇ ಯಾಕಾಗಬೇಕು? ಆದರೆ ಎಲ್ಲೋ ಒಂದರಲ್ಲಿ ಒಬ್ಬ ಹೀಗೇ ಗುಡಿಸುತ್ತ, ತಾತ ಏನನ್ನುತ್ತಾನೆ, ಪಟಾಕಿ ಏನನ್ನುತ್ತಾಳೆ ಎಂದು ಯೋಚಿಸುತ್ತಿರುವುದಂತೂ ನಿಜ. ಇನ್ನೆಲ್ಲೋ ಅವನ ಅಕ್ಕ ಫೋನು ಪಕ್ಕದಲ್ಲಿಟ್ಟುಕೊಂಡು ಕೂತಿರುವುದೂ ನಿಜ. ಆಕೆ ಆ ಮಾತು ಕೇಳುವ ಮೊದಲು ಎಷ್ಟು ಸಲ ಫೋನೆತ್ತಿ ಕೆಳಗಿಟ್ಟಿರಬೇಕು! ಬರಲಿ ಎಂದು ವೋಟು ಹಾಕಿದರೆ ತನ್ನ ಹೊಟ್ಟೆಪಾಡಿಗೆ ತಾನೇ ವಕಾಲತ್ತು ಮಾಡಿಕೊಂಡ ಹಾಗೆ. ಬೇಡ ಎಂದರೆ, ತಾನು ಇಲ್ಲಿ ಇರಬಾರದಿತ್ತು ಎಂದು ಒಪ್ಪಿಕೊಂಡ ಹಾಗೆ. ಯಾವುದೇ ಹೇಳಲಿ, ಕೇಳುವವನಿಗೆ ಅದು ಊರ ಮಂದಿಯ ಮಾತು. ಒಂದು ಬಾಯಿಯ ಮಾತನ್ನು ಮೂರು ಬಾಯಿಯದೆಂದು ನಂಬಿ ಅವನು ಒಬ್ಬ ಹೆಂಗಸಿನ ಮುಂದಿನ ಬದುಕನ್ನು ತೀರ್ಮಾನ ಮಾಡುತ್ತಾನೆ. ಗುಡಿಸುತ್ತಿದ್ದವನು ತಲೆ ಎತ್ತಿ, ‘ಏನಮ್ಮಾ, ಯಾರು ಬೇಕಿತ್ತು?’ ಎಂದ. ‘ಯಾರೂ ಇಲ್ಲ’ ಎಂದು ಅವಳು ಕಳ್ಳಿಯ ಹಾಗೆ ಸರಸರ ನಡೆದಳು. ಮನೆ ಮುಟ್ಟಿದ ಮೇಲೆ ಟೂತ್‌ಪೇಸ್ಟ್ ಮರೆತದ್ದು ನೆನಪಾಯಿತು.

ಸಾಯಂಕಾಲದ ಹೊತ್ತಿಗೆ ಅವಳು ಒಂದು ಉಪಾಯ ಮಾಡಿಕೊಂಡಿದ್ದಳು. ತಾತ ಬರಲಿ ಎನ್ನುತ್ತಾನೆ, ಪಟಾಕಿ ಬೇಡ ಎನ್ನುತ್ತಾಳೆ, ಗುಮ್ಮ ಎಂದಿನಂತೆ ಹೂಂ ಎಂದು ಸುಮ್ಮನಾಗುತ್ತಾನೆ. ಆಗ ಕತ್ತರಿಯ ತಲೆನೋವು ಕತ್ತರಿಗೇ ಉಳಿಯುತ್ತದೆ. ಇದು ನ್ಯಾಯ ಎಂದು ತನಗೆ ತಾನೇ ಹತ್ತಾರು ಸಲ ಹೇಳಿಕೊಂಡಳು. ಕತ್ತರಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ನಾಲ್ಕು ತಲೆ ಕೂಡಿದ್ದೇ ದೋಣಿ ತಾನಾಗಿ ದಡ ಬಿಟ್ಟಿತು. ತಮ್ಮ ಬಿಡಿಸಿದ ಅಲೆಗಳು ಒಂದರ ಹಿಂದೆ ಒಂದು ಬಂದವು. ‘ಹೇಳಿ, ಮೊದಲು ತಾತ’ ಎಂದ ಕತ್ತರಿ. ಅವಳು ಫೋನು ಕೈಗೆತ್ತಿಕೊಂಡು ತಾತನಾದಳು. ‘ಕರ್ಕೊಂಡ್ ಬಾ ಮಗಾ. ಒಡಹುಟ್ಟಿದೋಳು. ಬಾಯಿ ಬಿಟ್ಟು ಕೇಳೋಕೆ ಮುಂಚೆ ಅವಳ ಜೀವ ಎಷ್ಟು ಬೆಂದಿತ್ತೋ.’ ಇನ್ನು ಪಟಾಕಿ. ಪಟಾಕಿಯ ಮಾತನ್ನು ತಮಾಷೆಯಾಗಿ ಹೇಳಬೇಕೆಂದು ಅವಳು ಮೊದಲೇ ಕಟ್ಟಿಟ್ಟುಕೊಂಡಿದ್ದಳು. ಆದರೆ ಬೆರಳು ಮಾತು ಕೇಳಲಿಲ್ಲ. ‘ಬೇಡ. ಅವಳು ಬಂದ್ರೆ ನೀವೆಲ್ಲ ಒಳ್ಳೆಯವರಾಗಿಬಿಡ್ತೀರ. ನಿಮ್ಮ ಮಾತೆಲ್ಲ ಮೆತ್ತಗಾಗುತ್ತೆ. ಅವಳಿಗೆ ಹೊತ್ತು ಹೋಗ್ಲಿ ಅಂತ ಏನೋ ಒಂದು ಕೆಲಸ ಹುಟ್ಟಿಸಿ ಕೊಡ್ತೀರ. ಅವಳು ಅದನ್ನೇ ನಿಜ ಅಂದ್ಕೊಂಡು ಬೆನ್ನು ಮುರ್ಕೊಂಡು ಮಾಡ್ತಾಳೆ.’ ಕಳಿಸಿದ ಮೇಲೆ ನೋಡುತ್ತಾಳೆ, ಮಾತು ಬಂದದ್ದು ತಾತನ ತಲೆಯ ಮೇಲೆ. ಟ್ಯಾಬು ಮೇಜಿನ ಮೇಲೇ ಇತ್ತು. ಅವಳ ಕೈಯಲ್ಲಿದ್ದದ್ದು ಇನ್ನೂ ಆ ಮೂಲೆ ಒಡೆದ ಫೋನು.

‘ತಾತ, ಈಗಷ್ಟೇ ಕರ್ಕೊಂಡ್ ಬಾ ಅಂದ್ರಲ್ಲ?’ ಎಂದ ಕತ್ತರಿ.

ಮುಚ್ಚಿಹಾಕುವುದು ಸುಲಭವಿತ್ತು. ಹಿಂದೆಯೂ ಒಂದು ಸಲ ಪಟಾಕಿಯ ಬೈಗುಳ ತಾತನ ಬಾಯಿಂದ ಬಂದಿತ್ತು. ಅವತ್ತು ತಾತನಿಗೆ ಅರಳುಮರಳು ಎಂದು ಪಟಾಕಿಯೇ ನಗೆಯಾಡಿ ತೇಲಿಸಿದ್ದಳು. ಅವಳು ಟ್ಯಾಬಿಗೆ ಕೈ ಚಾಚಿದಳು ಕೂಡ. ಆದರೆ ಯಾರದೋ ಅಕ್ಕ ಫೋನಿನ ಪಕ್ಕ ಕೂತಿದ್ದಾಳೆ. ಕೈ ಹಿಂದೆ ಬಂತು. ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡಳು. ಇಷ್ಟು ಕಾಲದಲ್ಲಿ ಗುಮ್ಮ ‘ಹೂಂ’ ಬಿಟ್ಟು ಬೇರೆ ಮಾತಾಡಿದ್ದು ಅದೇ ಮೊದಲು. ‘ತಾತ ಅಂತ ಯಾರೂ ಇಲ್ಲ. ಪಟಾಕೀನೂ ಇಲ್ಲ. ಮೂರೂ ನಾನೇ. ದೋಣಿ ಹೊರಡಲಿ ಅಂತ ಕೂತಿರ್ತೀನಿ. ನಾನೂ ತಮ್ಮನ ಮನೇಲಿ ಬಂದು ಇರೋ ಅಕ್ಕ, ಈ ಆಟ ಕಟ್ಟಿದ್ದು ಆ ತಮ್ಮನೇ. ಮೂರು ಜನ ಹೇಳಿದ್ರು ಅಂತ ನಂಬಿ ನಿಮ್ಮಕ್ಕನಿಗೆ ಏನೂ ಹೇಳ್ಬೇಡಿ. ತಪ್ಪಾಯ್ತು.’ ಕಳಿಸಿ, ಮತ್ತೆ ಮನಸ್ಸು ಬದಲಾಗುವ ಮುಂಚೆ ಫೋನನ್ನೂ ಟ್ಯಾಬನ್ನೂ ಆರಿಸಿದಳು. ದೋಣಿಯಲ್ಲಿ ಎರಡು ತಲೆ ಮಾಯವಾದವು. ನಾಲ್ಕು ಜನರಿಲ್ಲದ ದೋಣಿ ತಮ್ಮನ ನಿಯಮದಂತೆ ನಡುನೀರಲ್ಲಿ ನಿಂತುಬಿಟ್ಟಿತು.

ಕತ್ತರಿ ಎದ್ದು ಹೋದನೆಂದರೆ ಆಟಕ್ಕೆ ಇನ್ನು ಯಾರೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನು ಬೈಯಲಿ ಎಂದು ಕಾದಳು. ಆಟದ ಗೆಳೆಯರು ಎಂದು ನಂಬಿ, ಹೆಂಡತಿ ‘ನಿಮ್ಮಿಷ್ಟ’ ಎಂದದ್ದನ್ನೂ ಮುಚ್ಚುಮರೆಯಿಲ್ಲದೆ ಹೇಳಿಕೊಂಡವನು. ಯಾವ ಮಾತು ಅಂದರೂ ಅದು ಅವಳಿಗೆ ತಕ್ಕದ್ದೇ. ಆಮೇಲೆ ಒಂದು ಸಾಲು ಮೂಡಿತು.

‘ಬಂಡೆಗೆ ಬಡಿದಾಗೆಲ್ಲ ನನ್ನ ಬೈತಿದ್ದೋಳು?’

‘ನಾನೇ.’

‘ಚೆನ್ನಾಗಿ ಬೈತೀರ.’

ಅವನೇ ಮತ್ತೆ ಬರೆದ. ‘ಬೇಜಾರಾಯ್ತು, ಸುಳ್ಳು ಯಾಕೆ ಹೇಳ್ಲಿ. ತಾತ ಅಂದ್ರೆ ನಂಗೆ ಇಷ್ಟ ಇತ್ತು. ಹಾಗಾದ್ರೆ ಇರೋದು ಒಂದೇ ವೋಟು. ಅದನ್ನ ಎರಡೂ ಕಡೆಗೆ ಹಾಕಿದೀರ. ಯಾವುದು ಅಂತ ಗಟ್ಟಿಯಾಗಿ ಹೇಳಿ, ಇನ್ನೊಬ್ಬ ಗಿರಾಕಿ ಬಂದು ಕುರ್ಚೀಲಿ ಕೂರೋಷ್ಟರಲ್ಲಿ.’

ತಾತನ ಹಾಗೆ ಬರೆಯುವುದು ಗೊತ್ತಿತ್ತು, ಪಟಾಕಿಯ ಹಾಗೆ ಬರೆಯುವುದು ಗೊತ್ತಿತ್ತು. ತನ್ನ ಹಾಗೆ ಬರೆಯುವುದು ಹೇಗೆಂದು ಅವಳು ಸ್ವಲ್ಪ ಹುಡುಕಬೇಕಾಯಿತು. ‘ಕರ್ಕೊಂಡ್ ಬನ್ನಿ,’ ಎಂದು ಬರೆದಳು. ‘ಬಂದ ಮೇಲೆ ಅವರ ಜೊತೆ ಜಗಳ ಆಡಿ. ನಿಮ್ಮ ಹೆಂಡ್ತಿಗೂ ಆಡೋಕೆ ಹೇಳಿ. ನಾನು ಬಂದು ಇಷ್ಟು ಕಾಲ ಆಯ್ತು, ಈ ಮನೇಲಿ ನನ್ನ ಜೊತೆ ಇನ್ನೂ ಯಾರೂ ಜಗಳ ಆಡಿಲ್ಲ.’

‘ನಮ್ಮಕ್ಕನಿಗೆ ಆ ಚಿಂತೆ ಇಲ್ಲ. ಮೆಟ್ಟಿಲ ಮೇಲೇ ಶುರು ಮಾಡ್ತಾಳೆ.’ ಆಮೇಲೆ, ‘ಫೋನ್ ಮಾಡ್ತೀನಿ ಅವಳಿಗೆ. ನಾಳೆ ಬರ್ತೀನಿ. ದೋಣಿ ಇಬ್ಬರಿಗೇ ಹೊರಡೋ ಹಾಗೆ ಮಾಡೋಕೆ ಹೇಳಿ ನಿಮ್ಮ ತಮ್ಮನಿಗೆ.’ ಅವನ ತಲೆಯೂ ಮಾಯವಾಯಿತು.

ತಮ್ಮ ಬಂದದ್ದು, ಶೂ ಬಿಚ್ಚಿದ್ದು ಕೇಳಿಸಿತು. ಎಂದಿನಂತೆ ಬಾಗಿಲಲ್ಲಿ ತಲೆ ತೂರಿಸಿ, ‘ಸುಸ್ತಾ ಅಕ್ಕಾ?’ ಎಂದ.

‘ಇಲ್ಲ. ನೋಡು, ದೋಣಿ ಇಬ್ಬರಿಗೇ ಹೊರಡೋ ಹಾಗೆ ಮಾಡು.’

‘ಅದಾಗಲ್ಲ ಅಕ್ಕಾ. ನಾಲ್ಕು ಜನ ಅನ್ನೋದೇ ಆ ಆಟದ ಜೀವ. ಇವತ್ತಲ್ಲ ನಾಳೆ ಜನ ಬರ್ತಾರೆ.’

‘ಯಾರೂ ಬರಲ್ಲ. ಇರೋದು ಇಬ್ಬರು, ಆ ಕತ್ತರಿ ಮತ್ತೆ ನಾನು. ಮೂರೂ ನಾನೇ ಅಂತ ಅವನಿಗೆ ಹೇಳ್ದೆ.’

ಅವನು ಒಳಗೆ ಬಂದ. ಮುಖ ಕೆಂಪಾಗಿತ್ತು. ‘ಹೇಳಿದ್ಯಾ? ಯಾರನ್ನ ಕೇಳಿ ಹೇಳ್ದೆ? ಆಟ ನಂದು ಅಕ್ಕಾ! ಅಷ್ಟು ವರ್ಷ ನಿದ್ದೆ ಕೆಟ್ಟು ಕಟ್ಟಿದೀನಿ, ಇರೋ ಒಬ್ಬನ್ನೂ ಓಡಿಸಿಬಿಟ್ಯಲ್ಲ!’ ಅವನ ದನಿ ಒಡೆದು ಮೇಲೇರಿತು. ಅವಳ ಮುಂದೆ ಅವನು ಅಷ್ಟು ಎತ್ತರದ ದನಿ ತೆಗೆದದ್ದು ಇದೇ ಮೊದಲು. ಹಾಗಾದರೆ ಇದು ಬರೀ ಅವಳ ಹೊತ್ತು ಕಳೆಯಲಿಕ್ಕಲ್ಲ. ಇವನಿಗೂ ಇನ್ನೂ ನೋಯುತ್ತದೆ. ಅವಳಿಗೆ ಕಣ್ಣು ತುಂಬಿ ಬಂತು, ಸಂತೋಷದಿಂದಲೇ.

‘ನಿಂದಾದ್ರೆ ನೀನೇ ಕೂತು ಆಡು!’ ಎಂದು ಅವಳೂ ಕೂಗಿದಳು. ‘ನನಗೆ ಹೊತ್ತು ಹೋಗ್ಲಿ ಅಂತ ನಡೆಸ್ತಿದ್ಯಂತೆ, ನಿನ್ನ ಹೆಂಡ್ತಿ ಹೇಳಿದ್ಲು!’

‘ನನ್ನ ಹೆಸರು ಯಾಕೆ ಎತ್ತುತ್ತೀರ ಅತ್ತಿಗೆ?’ ಅಡುಗೆಮನೆಯಲ್ಲಿ ಪಾತ್ರೆ ದಡ್ಡನೆ ಕೆಳಗಿಟ್ಟ ಸದ್ದು, ಹಿಂದೆಯೇ ಹೆಜ್ಜೆಯ ಸದ್ದು. ‘ಒಂದು ಮಾತು ಹೇಳೋ ಹಾಗಿಲ್ಲ ಈ ಮನೇಲಿ! ನಾನು ಒಳ್ಳೇದಕ್ಕೆ ಹೇಳಿದ್ರೆ ಊರೆಲ್ಲ ಸಾರ್ತೀರ!’ ಈ ಸಲ ತಮ್ಮನ ಹೆಂಡತಿ ಬಾಗಿಲು ತಟ್ಟಲಿಲ್ಲ.

‘ಹೇಳಿದ್ದು ಹೌದೋ ಅಲ್ವೋ? ಅದನ್ನ ಹೇಳು ಮೊದಲು!’ ಎಂದು ಅವಳು ಸೆರಗು ಸಿಕ್ಕಿಸಿ, ಇಸ್ತ್ರಿಯ ಮಣೆಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, ಇಬ್ಬರಿಗೂ ಸರಿಯಾಗಿ ಕೇಳಿಸಲೆಂದು ಕೋಣೆಯ ನಡುವೆ ಬಂದು ನಿಂತಳು.